ಅತ್ತು ಮನೆಗೆ ಹೋದರಾಯಿತೆ?

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ವೇದಿಕೆಯ ಮೇಲೆ, ನಾಟಕ ಕಲಿಯುತ್ತಿರುವ ಐದು ಮಂದಿ ಹುಡುಗ ಹುಡುಗಿಯರು ನಲವತ್ತು ನಿಮಿಷಗಳ ಪ್ರಯೋಗವೊಂದನ್ನು ಮಾಡಿದರು. ಸಭಾಂಗಣದ ದೀಪಗಳನ್ನು ಅವರು ಆರಿಸಲಿಲ್ಲ. ದೊಡ್ಡ ಪರದೆಯನ್ನು ಎಳೆಯಲಿಲ್ಲ. ಇಬ್ಬರು ಒಂದು ಪಂಚೆಯನ್ನು ಎದೆಮಟ್ಟಕ್ಕೆ ಹಿಡಿದು ನಿಂತರು, ಅಷ್ಟೆ. ಮುಂದಿನ ದೃಶ್ಯದಲ್ಲಿ ಏನಾಗುತ್ತದೆಂಬುದನ್ನು ರಟ್ಟಿನ ಮೇಲೆ ಬರೆದು ಮೊದಲೇ ತೋರಿಸಿಬಿಟ್ಟರು. ಹುಡುಗಿಯೊಬ್ಬಳು ನಮ್ಮೆಲ್ಲರ ಕಣ್ಣೆದುರಿಗೇ ಕೋಟು ತೊಟ್ಟು, ಮುಖವಾಡ ಕಟ್ಟಿಕೊಂಡು ಗಂಡಸಾದಳು. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಹಿಂದಿನ ಸಾಲಿನಿಂದ ಹಿರಿಯರೊಬ್ಬರು, "ಲೈಟ್ ಆರಿಸ್ರಪ್ಪಾ, ನಾಟಕ ಯಾವಾಗ ಶುರು?" ಎಂದು ಕೂಗಿದರು. ಸಭೆಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೋಟು ತೊಟ್ಟ ಆ ಹುಡುಗಿ ನನ್ನ ತಂಗಿಯ ಮಗಳು.

ಇದಾದ ಮೇಲೆ ನಡೆದ ವಾರ್ಷಿಕ ಮಹಾಸಭೆಯ ನಡವಳಿಯಲ್ಲಿ ಹೀಗೊಂದು ವಾಕ್ಯವಿದೆ: ಮುಂದಿನ ರಾಜ್ಯೋತ್ಸವದಿಂದ ಕುಟುಂಬ ಸಮೇತ ನೋಡಿ ಆನಂದಿಸಬಹುದಾದ ಮನರಂಜನೆಯ ಕಾರ್ಯಕ್ರಮಗಳಿಗೆ ಮಾತ್ರ ವೇದಿಕೆ ಕೊಡಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸರ್ವಾನುಮತವೆಂದರೆ ಅದರಲ್ಲಿ ನನ್ನ ಮತವೂ ಸೇರಿತು. ನಾನು ಅಲ್ಲಿ ಇದ್ದೆ, ಚಹಾ ಕುಡಿದೆ, ಬಾಯಿ ಬಿಡಲಿಲ್ಲ. ಅಂದು ಆಡದ ಮಾತನ್ನು ಇಂದು ಇಲ್ಲಿ ಆಡುತ್ತಿದ್ದೇನೆ. ತಡವಾಯಿತೆಂದು ಬೈಯುವವರು ಬೈಯಲಿ.

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ, ಬಿ.ಎಸ್ಸಿ. ಓದಿದ ಮನುಷ್ಯನಿಗೆ ನಾಟಕದ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ತಂಗಿಯ ಮಗಳು ರಾಯಚೂರಿನಿಂದ ಇಲ್ಲಿಗೆ ನಾಟಕದ ಸ್ನಾತಕೋತ್ತರ ಓದಿಗೆಂದು ಬಂದು ನಮ್ಮ ಮನೆಯಲ್ಲಿ ಉಳಿಯದೆ ಇದ್ದಿದ್ದರೆ ನನಗೂ ಈ ವಿಷಯ ತಿಳಿಯುತ್ತಿರಲಿಲ್ಲ. "ನಾಟಕ ಮಾಡೋದನ್ನೂ ಕಾಲೇಜಿನಾಗ ಕಲೀಬೇಕೇನು?" ಎಂದು ಅವಳನ್ನು ಮೊದಲು ಅಣಕಿಸಿದವನು ನಾನೇ. ಹಾಗಾಗಿ ನನ್ನ ಈ ವಾದ ಇತರರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ.

ಅವಳು ಕಲಿಯುತ್ತಿರುವುದು ಜರ್ಮನಿಯ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ (1898-1956) ರೂಪಿಸಿದ ಎಪಿಕ್ ರಂಗಭೂಮಿಯ ಪದ್ಧತಿಯನ್ನು. ನಾವೆಲ್ಲ ತಿಳಿದಿರುವಂತೆ ಒಳ್ಳೆಯ ನಟ ಪಾತ್ರದೊಳಗೆ ಕರಗಿಹೋಗಬೇಕು, ನೋಡುವವನು ತನ್ನನ್ನು ಮರೆಯಬೇಕು. ಬ್ರೆಕ್ಟ್ ಹೇಳಿದ್ದು ಬೇರೆ. ನಟ ಪಾತ್ರವನ್ನು ತೋರಿಸಬೇಕು, ತೋರಿಸುತ್ತಿದ್ದೇನೆಂಬುದನ್ನು ಬಚ್ಚಿಡಬಾರದು. ನೋಡುವವನು ಎಚ್ಚರವಾಗಿದ್ದು, 'ಇದು ಹೀಗೇ ಆಗಬೇಕಿತ್ತೆ? ಬೇರೆ ದಾರಿ ಇರಲಿಲ್ಲವೆ?' ಎಂದು ಕೇಳಿಕೊಳ್ಳಬೇಕು. ಪಂಚೆಯ ಅರ್ಧ ಪರದೆ, ರಟ್ಟಿನ ಬರಹ, ಆರಿಸದ ದೀಪ, ನಡುವೆ ಬರುವ ಹಾಡು ಎಲ್ಲವೂ ಇದಕ್ಕಾಗಿ.

ಇದನ್ನು ಅಭ್ಯಾಸ ಮಾಡುವ ಬಗೆ ವಿಚಿತ್ರ. ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ತನ್ನ ಪಾತ್ರದ ಮಾತನ್ನು ಹೇಳುವುದು, ಪ್ರತಿಯೊಂದು ಮಾತಿನ ಕೊನೆಗೂ "ಎಂದು ಅವಳು ಹೇಳಿದಳು" ಎಂದು ಸೇರಿಸುವುದು. "ಅವಳು ಎದ್ದಳು, ಬಾಗಿಲ ಕಡೆ ನೋಡಿದಳು" ಎಂದು ತಾನು ಮಾಡುವುದನ್ನು ತಾನೇ ಭೂತಕಾಲದಲ್ಲಿ ವರದಿ ಮಾಡುವುದು. ಬ್ರೆಕ್ಟ್ ತನ್ನ ನಟರಿಗೆ ತಾಲೀಮಿನಲ್ಲಿ ಮಾಡಿಸುತ್ತಿದ್ದ ಕಸರತ್ತು ಇದು. ಪ್ರದರ್ಶನದ ಹೊತ್ತಿಗೆ 'ಹೇಳಿದಳು' ಬಿದ್ದುಹೋಗುತ್ತದೆ, ಅದು ಕಲಿಸಿದ ನಿಲುವು ಮಾತ್ರ ಮೈಯಲ್ಲಿ ಉಳಿಯುತ್ತದೆ. ಇನ್ನೊಂದು ಕಸರತ್ತು 'ಇದಲ್ಲ, ಅದು' ಎಂಬುದು. ಪಾತ್ರ ಒಂದು ಕೆಲಸ ಮಾಡುವಾಗ, ಮಾಡಬಹುದಾಗಿದ್ದ ಇನ್ನೊಂದು ಕೆಲಸದ ಸುಳಿವೂ ನೋಡುವವನಿಗೆ ಸಿಗಬೇಕು. ಅನ್ನ ಬಡಿಸುವ ಕೈ, 'ಇಲ್ಲ' ಎನ್ನಬಹುದಾಗಿದ್ದ ಕೈಯೂ ಹೌದು ಎಂಬುದು ಕಾಣಬೇಕು.

ಒಂದು ದಿನ ಅವಳ ಮೇಷ್ಟ್ರು, ದಾರಿಯ ಮೇಲೆ ನಡೆದ ಅಪಘಾತವನ್ನು ಕಂಡವರು ಅದನ್ನು ಹೇಗೆ ಹೇಳುತ್ತಾರೆಂದು ನೋಡಿಕೊಂಡು ಬನ್ನಿ ಎಂದು ಕಳಿಸಿದ್ದರಂತೆ. ಬ್ರೆಕ್ಟ್ ತನ್ನ ಪದ್ಧತಿಗೆ ಮಾದರಿಯೆಂದು ಆರಿಸಿಕೊಂಡದ್ದು ಬೀದಿಯ ಇಂಥ ಸಾಕ್ಷಿಯನ್ನೇ. ಅವಳು ಬೀದಿಗೆ ಹೋಗಲಿಲ್ಲ, ನನ್ನ ತಾಯಿಯ ಮುಂದೆ ಕೂತಳು. ತಾಯಿ ಹಿಂದಿನ ವಾರ ಷೇರ್ ಆಟೋದಿಂದ ಜಾರಿ ಬಿದ್ದು ಮೊಣಕಾಲು ತರಚಿಕೊಂಡಿದ್ದರು.

"ಒಂದ್ ಕಾಲ್ ಒಳಗ ಇಟ್ಟಿದ್ದೆ ನೋಡು, ಆಂವ ಹಿಂಗ ಮೊಣಕೈ ತಿರುವಿ ಗಾಡಿ ಎಳೆದ" ಎಂದು ತಾಯಿ ಡ್ರೈವರನ ಮೊಣಕೈಯನ್ನು ತಮ್ಮ ಮೊಣಕೈಯಲ್ಲಿ ತೋರಿಸಿದರು. ಒಳಗೆ ಕೂತವರು ಫೋನಿನಿಂದ ತಲೆ ಎತ್ತದಿದ್ದುದನ್ನು ತೋರಿಸಿದರು. ಕೊನೆಗೆ, "ಮಾಲಕಗ ದಿನದ ಬಾಡಗಿ ಕಟ್ಟಬೇಕಲ್ಲ, ಇನ್ನೊಂದು ಟ್ರಿಪ್ಪಿನ ಅವಸರ ಆಂವಗ. ಹಂಗಂತ ನನ್ನ ಮೊಣಕಾಲ ಏನು ಅವನಪ್ಪಂದ?" ಎಂದರು.

"ಮಾವ, ಅಜ್ಜಿ ಡ್ರೈವರ್ ಆಗ್ಲಿಲ್ಲ, ಡ್ರೈವರನ್ನ ತೋರಿಸಿದ್ಳು. ಅಂವಗ ಯಾಕ ಅವಸರ ಅಂತಾನೂ ತೋರಿಸಿದ್ಳು, ತಪ್ಪೂ ಬಿಡಲಿಲ್ಲ. ನಮ್ಮ ಮೇಷ್ಟ್ರು ಒಂದು ವರ್ಷದಿಂದ ಇದನ್ನ ಹೇಳ್ಲಿಕ್ಕೆ ಹೊಡದಾಡ್ಲಿಕ್ಹತ್ಯಾರ" ಎಂದಳು ಹುಡುಗಿ.

ನನಗೆ ಕಣ್ಣು ತೆರೆದದ್ದು ಅಂದು. ತಾಯಿ ಅತ್ತು ಹೇಳಿದ್ದರೆ ನಾವು ಮುಲಾಮು ಹಚ್ಚಿ ಮಲಗಿಸುತ್ತಿದ್ದೆವು. ತೋರಿಸಿ ಹೇಳಿದ್ದರಿಂದ ಮೊಣಕೈಯ ಹಿಂದೆ ಇದ್ದ ಬಾಡಿಗೆಯೂ ಕಂಡಿತು.

ಈಗ ಸಂಘದಲ್ಲಿ ಕೇಳಿಬಂದ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು, ಇದು ಪರದೇಶದ ಸರಕು, ನಮ್ಮ ಮಣ್ಣಿಗೆ ಒಗ್ಗದು ಎಂಬುದು. ಹೀಗೆನ್ನುವವರು ದೊಡ್ಡಾಟ ನೋಡಿಯೇ ಬೆಳೆದವರೆಂಬುದು ಆಶ್ಚರ್ಯ. ದೊಡ್ಡಾಟದಲ್ಲಿ ರಾಜ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ನೀನು ಯಾರು, ಎಲ್ಲಿಯವನು ಎಂದು ವಿಚಾರಿಸುವುದಿಲ್ಲವೆ? ಯಕ್ಷಗಾನದಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುವುದಿಲ್ಲವೆ? ತಾಳಮದ್ದಳೆಯಲ್ಲಿ ವೇಷವೇ ಇಲ್ಲದೆ, ಕೂತ ಜಾಗದಿಂದಲೇ ಕರ್ಣನ ಪರವಾಗಿ ವಾದ ಹೂಡುವುದಿಲ್ಲವೆ? ಬ್ರೆಕ್ಟ್ ಕೂಡ ತನ್ನ ವಿಚಾರವನ್ನು ಪೂರ್ವ ದೇಶಗಳಿಂದ ಗಟ್ಟಿಮಾಡಿಕೊಂಡವನೇ. 1935ರಲ್ಲಿ ಮಾಸ್ಕೋದಲ್ಲಿ ಚೀನದ ನಟ ಮೇ ಲಾನ್‌ಫಾಂಗ್ ಅವರ ಅಭಿನಯ ಕಂಡು ಬೆರಗಾಗಿ ಅದರ ಮೇಲೆ ಪ್ರಬಂಧ ಬರೆದ. ಇತ್ತ ನಮ್ಮ ಗಿರೀಶ ಕಾರ್ನಾಡರು ಭಾಗವತ, ಅರ್ಧ ತೆರೆ, ಮುಖವಾಡಗಳನ್ನಿಟ್ಟು 1971ರಲ್ಲಿ 'ಹಯವದನ' ತಂದರು. ನಮ್ಮ ಹಳೆಯ ರಂಗರೂಪಗಳ ಶಕ್ತಿಯತ್ತ ಕಣ್ಣು ತೆರೆಯಲು ಬ್ರೆಕ್ಟನ ಬರಹವೂ ನೆರವಾಯಿತೆಂದು ಒಪ್ಪಿಕೊಂಡರು. ಆ ನಾಟಕ 1984ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಜರ್ಮನ್ ಭಾಷೆಯಲ್ಲೇ ರಂಗವೇರಿತು. ಕೊಟ್ಟು ತೆಗೆದುಕೊಂಡ ಲೆಕ್ಕ ಇದು, ಸಾಲದ ಲೆಕ್ಕವಲ್ಲ.

ಹಾಗೆಂದ ಮಾತ್ರಕ್ಕೆ 'ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು, ಬ್ರೆಕ್ಟ್ ಏನು ಹೊಸದಾಗಿ ಹೇಳಿದ?' ಎಂದು ಮೀಸೆ ತಿರುವುವುದೂ ಬೇಡ. ಸಾರಥಿ ಎಷ್ಟೇ ಪ್ರಶ್ನೆ ಕೇಳಲಿ, ದ್ರೌಪದಿಯ ಸೀರೆ ಅಕ್ಷಯವಾಗಿಯೇ ತೀರುತ್ತದೆ. ಕೃಷ್ಣ ಬಂದೇ ಬರುತ್ತಾನೆ. ಬ್ರೆಕ್ಟ್ ಕೇಳುವುದು, ಕೃಷ್ಣ ಬರದೆ ಹೋದರೆ ಸಭೆಯಲ್ಲಿ ಕೂತ ನೀವು ಏನು ಮಾಡುತ್ತಿದ್ದಿರಿ ಎಂದು. ಉಪಕರಣ ಒಂದೇ ಇರಬಹುದು, ಕೆಲಸ ಬೇರೆ. ಆ ಬೇರೆ ಕೆಲಸವನ್ನೇ ಕಾಲೇಜಿಗೆ ಹೋಗಿ ಕಲಿಯಬೇಕಾಗಿರುವುದು.

ಎರಡನೆಯ ಆಕ್ಷೇಪಣೆ, ನಮ್ಮ ಜನ ಬಯಸುವುದು ವೈಭವವನ್ನು, ರಸವನ್ನು, ಒಣ ವಿಚಾರವನ್ನಲ್ಲ ಎಂಬುದು. ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ಲಿಂಗಂಪಲ್ಲಿಯ ಕಡೆ ನೆಲೆಸಿರುವ ಸುರಭಿ ಮನೆತನಗಳನ್ನು ಅರಿಯದವರು ಹೈದರಾಬಾದಿನಲ್ಲಿ ಯಾರು? 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಗ್ರಾಮದಲ್ಲಿ 'ಕೀಚಕ ವಧೆ' ಆಡಿ ಶುರುವಾದ ನಾಟಕ ಮಂಡಳಿಯ ಸಂತತಿ ಅವರು. 'ಮಾಯಾ ಬಜಾರ್' ಆಡಿದರೆ ರಂಗದ ಮೇಲೆ ಘಟೋತ್ಕಚ ಹಾರಾಡುತ್ತಾನೆ, ಲಡ್ಡುಗಳು ತಾವಾಗಿ ಅವನ ಬಾಯಿಗೆ ಹೋಗುತ್ತವೆ. ವೈಭವಕ್ಕೆ ಅವರನ್ನು ಮೀರಿಸಿದವರಿಲ್ಲ. ಅಂಥವರ ಬಳಿಗೆ 1990ರ ದಶಕದಲ್ಲಿ ಬಂದವರು ನಮ್ಮ ಬಿ.ವಿ. ಕಾರಂತರು. ಬಂಟ್ವಾಳದ ಹತ್ತಿರ ಹುಟ್ಟಿ, ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದವರು. ಅವರು ಸುರಭಿಯವರಿಂದ ಆಡಿಸಿದ ನಾಟಕಗಳಲ್ಲಿ ಒಂದು 'ಬಸ್ತಿ ದೇವತ ಯಾದಮ್ಮ'. ಅದು ಬೇರೇನೂ ಅಲ್ಲ, ಬ್ರೆಕ್ಟನ ಸೆಜುವಾನ್ ನಾಟಕದ ತೆಲುಗು ರೂಪ. ಕೆ.ವಿ. ಸುಬ್ಬಣ್ಣನವರು 'ಸೆಜುವಾನ್ ನಗರದ ಸಾಧ್ವಿ' ಎಂದು ಕನ್ನಡಕ್ಕೆ ತಂದದ್ದೂ ಅದೇ ನಾಟಕವನ್ನು. ನಮ್ಮ ಹುಡುಗರು ರಾಜ್ಯೋತ್ಸವದಂದು ಆಡಿ ನಗೆಪಾಟಲಾದದ್ದೂ ಅದರ ತುಣುಕನ್ನೇ.

ಕಥೆ ಇಷ್ಟು. ಭೂಮಿಯ ಮೇಲೆ ಒಬ್ಬ ಒಳ್ಳೆಯ ಮನುಷ್ಯನಾದರೂ ಇದ್ದಾನೆಯೇ ಎಂದು ನೋಡಲು ಮೂವರು ದೇವರು ಬರುತ್ತಾರೆ. ರಾತ್ರಿ ತಂಗಲು ಅವರಿಗೆ ಜಾಗ ಕೊಟ್ಟವಳು ಷೆನ್ ತೆ ಎಂಬ ವೇಶ್ಯೆ ಒಬ್ಬಳೇ. ಅವರು ಕೊಟ್ಟ ಹಣದಲ್ಲಿ ಅವಳು ಹೊಗೆಸೊಪ್ಪಿನ ಅಂಗಡಿ ಇಡುತ್ತಾಳೆ. ಬಂಧುಗಳು, ಬಳಗದವರು, ಸಾಲಗಾರರು ಬಂದು ಮುತ್ತುತ್ತಾರೆ. ಒಳ್ಳೆಯವಳಾಗಿದ್ದರೆ ಅಂಗಡಿ ಮುಳುಗುತ್ತದೆ; ಅಂಗಡಿ ಉಳಿಯಬೇಕಾದರೆ ಅವಳು ಗಂಡು ವೇಷ ತೊಟ್ಟು, ಷುಯಿ ತ ಎಂಬ ಕಟುಕ ದಾಯಾದಿಯಾಗಬೇಕು. ಕೊನೆಗೆ ನ್ಯಾಯಾಲಯದಲ್ಲಿ, ಒಳ್ಳೆಯವಳಾಗಿಯೂ ಇದ್ದು ಬದುಕುವುದು ಹೇಗೆ ಎಂದು ಅವಳು ಕೇಳಿದರೆ ದೇವರುಗಳಿಗೆ ಉತ್ತರವಿಲ್ಲ. ತಿಂಗಳಿಗೊಮ್ಮೆ ಬೇಕಾದರೆ ದಾಯಾದಿಯ ಸಹಾಯ ಪಡೆಯಬಹುದು ಎಂದು ಹೇಳಿ, ಮುಗುಳ್ನಗುತ್ತ ಮೋಡದ ಮೇಲೇರಿ ಹೋಗಿಬಿಡುತ್ತಾರೆ. ಇಪ್ಪತ್ತು ವರ್ಷ ಸುತ್ತೋಲೆಗಳನ್ನು ಓದಿದ ನನಗೆ ಆ ದೇವರುಗಳ ಗುರುತು ಚೆನ್ನಾಗಿ ಸಿಕ್ಕಿತು. ಮುಕ್ತಾಯವನ್ನು ನೀವೇ ಯೋಚಿಸಿ ಎಂದು ನಟರು ಪ್ರೇಕ್ಷಕರಿಗೆ ಬಿಡುತ್ತಾರೆ.

ಯಾದಮ್ಮ ಎಂಬ ಹೆಸರಿನವರು ನಮ್ಮ ಗಲ್ಲಿಗಲ್ಲಿಯಲ್ಲೂ ಇದ್ದಾರೆ; ನಮ್ಮ ಮನೆಗಳ ಪಾತ್ರೆ ತೊಳೆದು ಬದುಕುವವರಿದ್ದಾರೆ. ಚೀನದ ಊರನ್ನು ಹೈದರಾಬಾದಿನ ಬಸ್ತಿಗೆ ಇಳಿಸಲು ಒಬ್ಬ ಕನ್ನಡಿಗ ನಿರ್ದೇಶಕ ನೆರವಾದ, ಘಟೋತ್ಕಚನನ್ನು ಹಾರಿಸುವ ತೆಲುಗು ಕುಟುಂಬ ಅದನ್ನು ಆಡಿತು. ಅವರಿಗೆ ಒಗ್ಗಿದ್ದು, ಎರಡೂ ಭಾಷೆ ಬಲ್ಲ ನಮಗೆ ಒಗ್ಗುವುದಿಲ್ಲವೆಂದರೆ ಕುಣಿಯಲಾರದವಳು ನೆಲ ಡೊಂಕೆಂದಂತೆ.

ಮೂರನೆಯದು, ಈ ನಾಟಕಗಳಲ್ಲಿ ಭಾವನೆಗೆ ಜಾಗವಿಲ್ಲ, ಕಣ್ಣೀರು ಬರುವುದಿಲ್ಲ ಎಂಬುದು. ಇದು ತಪ್ಪು ತಿಳಿವಳಿಕೆ. 1941ರಲ್ಲಿ ಜ್ಯೂರಿಕ್ ನಗರದಲ್ಲಿ ಬ್ರೆಕ್ಟನ 'ಮದರ್ ಕರೇಜ್' ಆಡಿದಾಗ, ಯುದ್ಧದಲ್ಲಿ ವ್ಯಾಪಾರ ಮಾಡುತ್ತ ಮಕ್ಕಳನ್ನೆಲ್ಲ ಕಳೆದುಕೊಳ್ಳುವ ಆ ತಾಯಿಯನ್ನು ಕಂಡು ಜನ ಮರುಗಿದರು. ಯುದ್ಧವೇ ಅವಳ ವ್ಯಾಪಾರ ಎಂಬುದನ್ನು ಮರೆತರು. ಬ್ರೆಕ್ಟ್ 1949ರ ಬರ್ಲಿನ್ ಪ್ರಯೋಗಕ್ಕೆ ಮೊದಲು ಕೆಲವು ದೃಶ್ಯಗಳನ್ನು ತಿದ್ದಿ, ಅವಳೊಳಗಿನ ವ್ಯಾಪಾರಿಯನ್ನು ಎದ್ದು ಕಾಣಿಸಿದ. ಆದರೂ ಅದೇ ಪ್ರಯೋಗದಲ್ಲಿ, ಮಗನನ್ನು ಕೊಂದ ಗುಂಡಿನ ಸದ್ದು ಕೇಳಿದಾಗ ನಟಿ ಹೆಲೆನ್ ವೈಗೆಲ್ ಬಾಯಿ ತೆರೆದು, ಸದ್ದೇ ಇಲ್ಲದೆ ಚೀರಿದ್ದು ಇಂದಿಗೂ ಮಾತಾಗಿ ಉಳಿದಿದೆ. ಭಾವನೆ ಬೇಡವೆಂದವನು ಇದನ್ನು ಮಾಡಿಸಿಯಾನೆ? ಅಳುವುದಕ್ಕೆ ಅವನ ತಕರಾರಿಲ್ಲ. ಅತ್ತು ಹಗುರಾಗಿ, ಬಂದ ಹಾಗೆಯೇ ಮನೆಗೆ ಹೋಗುವುದಕ್ಕೆ ತಕರಾರು.

ನಾಲ್ಕನೆಯದನ್ನು ಕಿವಿಯಲ್ಲಿ ಹೇಳಿದರು: ಅವನು ಕಮ್ಯುನಿಸ್ಟ್. ಹೌದು, ಮಾರ್ಕ್ಸ್‌ವಾದಿ, ಮುಚ್ಚುಮರೆ ಏಕೆ? 1933ರಲ್ಲಿ ಹಿಟ್ಲರನ ಕಾರಣ ದೇಶ ಬಿಟ್ಟ. 1947ರಲ್ಲಿ ಅಮೆರಿಕದ ವಿಚಾರಣಾ ಸಮಿತಿಯ ಮುಂದೆ ನಿಂತು ಮರುದಿನವೇ ಅಲ್ಲಿಂದ ಹೊರಟ. 1953ರಲ್ಲಿ ಪೂರ್ವ ಜರ್ಮನಿಯ ಕಾರ್ಮಿಕರು ದಂಗೆಯೆದ್ದಾಗ ಬಹಿರಂಗವಾಗಿ ಸರ್ಕಾರದ ಪರ ನಿಂತ, ಆ ಮೇಲೆ ಅದೇ ಸರ್ಕಾರವನ್ನು ಚುಚ್ಚಿ ಪದ್ಯ ಬರೆದಿಟ್ಟ. ಪೂಜಿಸಬೇಕಾದ ಮನುಷ್ಯನೇನಲ್ಲ. ಆದರೆ ಎಲ್ಲವನ್ನೂ ಪ್ರಶ್ನಿಸಿ ಎಂಬ ಪದ್ಧತಿಯನ್ನು ಕಲಿತವರು ಅವನನ್ನೂ ಪ್ರಶ್ನಿಸುತ್ತಾರೆ. ನಮ್ಮ ಹುಡುಗಿಯೇ ಮನೆಯಲ್ಲಿ ದಿನಾ ಅವನೊಂದಿಗೆ ಜಗಳವಾಡುತ್ತಾಳೆ.

ನಮ್ಮ ಮಕ್ಕಳ ತಪ್ಪೂ ಇಲ್ಲವೆಂದಲ್ಲ. ಅಂದಿನ ಪ್ರಯೋಗದಲ್ಲಿ ಮಾತುಗಳು ರೈಲು ನಿಲ್ದಾಣದ ಪ್ರಕಟಣೆಯ ಹಾಗೆ ಬಂದವು. ದೂರ ನಿಲ್ಲುವುದೆಂದರೆ ಸಪ್ಪಗಾಗುವುದು ಎಂದು ಅವರು ತಿಳಿದಿದ್ದರು. ರಟ್ಟು ಹಿಡಿದು, ದೀಪ ಉರಿಸಿಟ್ಟು, ಮುಖಕ್ಕೆ ಬಿಳಿ ಬಳಿದುಕೊಂಡರೆ ಎಪಿಕ್ ಆಯಿತೆಂದು ನಂಬಿದ ತಂಡಗಳು ಬೇಕಾದಷ್ಟಿವೆ. ಇದು ಮನರಂಜನೆಯ ಹೆಸರಿನಲ್ಲಿ ನಡೆಯುವ ಸೋಗಿಗಿಂತ ಮೇಲೇನಲ್ಲ. ಮನೆಗೆ ಬಂದು ಹುಡುಗಿ ಅತ್ತಳು. ಮರುವಾರ ಮತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಅದೇ ದೃಶ್ಯ ಶುರುಮಾಡಿದಳು.

ಆಗೊಂದು ಸ್ವಾರಸ್ಯ ಕಂಡೆ. 'ಎಂದಳು' ಎನ್ನುವ ಬದಲು ಅವಳು ಒಮ್ಮೆ, "ಅಂದಳಂತೆ" ಎಂದಳು. ಕನ್ನಡದಲ್ಲಿ ದೂರ ನಿಲ್ಲಲು 'ಅಂತೆ' ಎಂಬ ಎರಡಕ್ಷರ ಸಾಕು. ಆದರೆ ತಕ್ಷಣ ತಾನೇ ತಿದ್ದಿಕೊಂಡಳು: "ಇಲ್ಲ ಮಾವ, 'ಅಂತೆ' ಅಂದ್ರ ನಾ ಜವಾಬ್ದಾರಿ ಅಲ್ಲ ಅಂದಂಗ ಆತು. ನಾ ಕಂಡೀನಿ. 'ಅಂದಳು' ಅನ್ನಬೇಕು."

ಈ ಮಾತು ನನ್ನ ಕಚೇರಿಯವರೆಗೂ ಬೆನ್ನು ಬಿಡಲಿಲ್ಲ. ನಾವೂ ಪ್ರಥಮ ಪುರುಷದಲ್ಲಿ, ಭೂತಕಾಲದಲ್ಲಿಯೇ ಬರೆಯುವವರು. ಕಡತ ಈಗ ಕಂಪ್ಯೂಟರಿಗೆ ಏರಿದೆ, ಭಾಷೆ ಮಾತ್ರ ಹಾಗೆಯೇ ಇದೆ. ಅರ್ಜಿದಾರರು ಕೋರಿರುತ್ತಾರೆ, ಪರಿಶೀಲಿಸಲಾಯಿತು, ತಿರಸ್ಕರಿಸಲಾಯಿತು. ತಿರಸ್ಕರಿಸಿದವರು ಯಾರು? ಯಾರೂ ಅಲ್ಲ. ನಮ್ಮ ದೂರ, ಮಾಡಿದವನನ್ನು ಮರೆಮಾಡುವ ದೂರ. ನಾಟಕದ ಹುಡುಗಿ ಕಲಿಯುತ್ತಿರುವುದು ಮಾಡಿದವನನ್ನು ಬೆಳಕಿಗೆ ತರುವ ದೂರ. ಅದು ಸಾಕ್ಷಿಯ ದೂರ. ಬಿ.ಎಸ್ಸಿ.ಯಲ್ಲಿ ಲೋಲಕದ ಪ್ರಯೋಗ ಮಾಡಿ ಅಂಕ ಪಡೆದವನು ನಾನು. ಇಗರ್ಜಿಯಲ್ಲಿ ತೂಗುತ್ತಿದ್ದ ದೀಪವನ್ನು ಎಲ್ಲರೂ ನೋಡಿದ್ದರೂ ಗೆಲಿಲಿಯೊ ಅದನ್ನು ವಿಚಿತ್ರವೆಂಬಂತೆ ನೋಡಿದ, ಪ್ರೇಕ್ಷಕನೂ ಹಾಗೆ ನೋಡಬೇಕು ಎಂದು ಬ್ರೆಕ್ಟ್ 1948ರಲ್ಲಿ ಬರೆದ. ದಿನಾ ತೂಗುವುದನ್ನು ದಿನಾ ನೋಡುತ್ತ ನಾವು ಕುರುಡಾಗಿದ್ದೇವೆ.

ನಾವು ವಲಸೆ ಬಂದ ಕನ್ನಡಿಗರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಹಿಂದಿ ಇಂಗ್ಲಿಷ್, ಸಂತೆಯಲ್ಲಿ ತೆಲುಗು, ಆಟೋದವನೊಂದಿಗೆ ದಖ್ಖನಿ. ದಿನಕ್ಕೆ ನಾಲ್ಕು ಸಲ ಕೋಟು ಬದಲಿಸುವ ನಮಗೆ, ರಂಗದ ಮೇಲೆ ಕೋಟು ಬದಲಿಸುವ ಹುಡುಗಿ ಅರ್ಥವಾಗದೆ ಹೋದಳೆಂದರೆ ಏನೆನ್ನಲಿ? ವರ್ಷಕ್ಕೊಮ್ಮೆ ನಾವು ಒಂದೆಡೆ ಸೇರುವುದು ಸಿನಿಮಾ ಹಾಡಿಗೆ ಮಕ್ಕಳನ್ನು ಕುಣಿಸಿ, ಊಟ ಮಾಡಿ ಎದ್ದುಹೋಗುವುದಕ್ಕೆ ಮಾತ್ರವೆ? ಹಾಡೂ ಇರಲಿ, ಕುಣಿತವೂ ಇರಲಿ, ಹೋಳಿಗೆಯಂತೂ ಇರಲೇಬೇಕು. ಆದರೆ ಕನ್ನಡವೆಂದರೆ ಅಷ್ಟೇ ಎಂದು ಮಕ್ಕಳಿಗೆ ಕಲಿಸಿದರೆ, ಯೋಚನೆ ಮಾಡುವುದಕ್ಕೆ ಅವರು ಬೇರೆ ಭಾಷೆ ಹುಡುಕಿಕೊಳ್ಳುತ್ತಾರೆ. ಆಗ ಕನ್ನಡ ಉಳಿಸಿ ಎಂದು ಭಾಷಣ ಮಾಡಿ ಪ್ರಯೋಜನವಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನ ಕೋರಿಕೆ ಎರಡೇ. ಮುಂದಿನ ರಾಜ್ಯೋತ್ಸವದಲ್ಲಿ ಈ ಮಕ್ಕಳಿಗೆ ನಲವತ್ತು ನಿಮಿಷ ಕೊಡಿ, ಊಟದ ನಂತರದ ಖಾಲಿ ಕುರ್ಚಿಗಳ ಮುಂದಲ್ಲ, ಊಟಕ್ಕೆ ಮೊದಲು. ಆಟ ಮುಗಿದ ಮೇಲೆ ಇನ್ನು ಇಪ್ಪತ್ತು ನಿಮಿಷ ಪ್ರೇಕ್ಷಕರಿಗೆ ಕೊಡಿ. ಹಿಂದಿನ ಸಾಲಿನ ಹಿರಿಯರು ಅಂದು ಕೂಗಿದ ಪ್ರಶ್ನೆಯನ್ನು ಎದ್ದು ನಿಂತು ಕೇಳಲಿ, ಮಕ್ಕಳು ಉತ್ತರ ಕೊಡಲಿ. ಹಾಗೆ ನೋಡಿದರೆ, ಅವತ್ತು ಆ ಸಭೆಯಲ್ಲಿ ಬ್ರೆಕ್ಟ್ ಬಯಸಿದ ಪ್ರೇಕ್ಷಕರಿದ್ದದ್ದು ಅವರೊಬ್ಬರೇ. ನಿದ್ದೆ ಮಾಡದೆ, ಬಾಯಿ ಬಿಟ್ಟು ಪ್ರಶ್ನೆ ಕೇಳಿದರು. ನಗುವುದರಲ್ಲಿ ಮುಗಿಸಿದವರು ನಾವು.

ಈ ಕೋರಿಕೆಯನ್ನೂ ತಿರಸ್ಕರಿಸುವುದಾದರೆ ತಿರಸ್ಕರಿಸಿ. ಆದರೆ ನಡವಳಿಯಲ್ಲಿ 'ತೀರ್ಮಾನಿಸಲಾಯಿತು' ಎಂದು ಬರೆಯಬೇಡಿ. ಯಾರು ಬೇಡವೆಂದರು, ಏಕೆ ಬೇಡವೆಂದರು ಎಂದು ಬರೆಯಿರಿ. ಈ ಸಲ ನಾನು ಕೈ ಎತ್ತುತ್ತೇನೆ, ಅದನ್ನೂ ಬರೆದುಕೊಳ್ಳಿ.